ಹಳೆಯ ಕಂಪ್ಯೂಟರ್‌ಗಳ ಪರದೆ ದೋಷ: ಗುಜರಿಗೆ ಹಾಕುವ ಮುನ್ನ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಶಾಲೆ, ಗ್ರಂಥಾಲಯ, ಹಾಲು ಉತ್ಪಾದಕರ ಸಂಘ, ಕಾಫಿ ತೋಟದ ಕಚೇರಿ ಮತ್ತು ಡಿಟಿಪಿ ಅಂಗಡಿಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯದಾದ ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳು ಇಂದಿಗೂ ದಿನನಿತ್ಯದ ಕೆಲಸ ಮಾಡುತ್ತಿವೆ. ಇವುಗಳಲ್ಲಿ ಯಾವುದಾದರೊಂದರ ಪರದೆಯ ಮೇಲೆ ಅಡ್ಡಗೆರೆಗಳು ಕಾಣಿಸಿಕೊಂಡರೆ, ಅಕ್ಷರಗಳು ಒಡೆದು ಚೌಕ ಚೌಕವಾದರೆ, ಅಥವಾ ವಿಡಿಯೋ ನೋಡುತ್ತಿದ್ದಂತೆ ನೀಲಿ ಪರದೆ ಬಂದು ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆದರೆ, ‘ಗ್ರಾಫಿಕ್ಸ್ ಹೋಗಿದೆ, ಇದಕ್ಕೆ ಇನ್ನು ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ’ ಎಂಬ ಸಲಹೆ ಕೂಡಲೇ ಬರುತ್ತದೆ. ಒಂದು ಪರೀಕ್ಷೆಯನ್ನೂ ಮಾಡದೆ ಕೊಡುವ ಈ ತೀರ್ಪನ್ನು ಜನ ನಂಬಿ, ಸರಿಪಡಿಸಬಹುದಾದ ಯಂತ್ರಗಳನ್ನು ಗುಜರಿಗೆ ಹಾಕುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾ ಅಲ್ಲಿನ ಕಂಪ್ಯೂಟರ್ ಕೊಠಡಿಯನ್ನೂ ನೋಡಿಕೊಂಡ ನಾನು, ನಿವೃತ್ತಿಯ ನಂತರವೂ ಪರಿಚಯದ ಶಾಲೆ ಮತ್ತು ಸಂಘಗಳ ಯಂತ್ರಗಳನ್ನು ನೋಡಿಕೊಡುತ್ತಿದ್ದೇನೆ. ನಾನು ಕಂಡ ಮಟ್ಟಿಗೆ, ಪರದೆಯ ಮೇಲೆ ಕಾಣುವ ದೋಷದ ಮೂಲ ಬಹಳಷ್ಟು ಸಲ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್‌ನಲ್ಲಿ ಇರುವುದೇ ಇಲ್ಲ. ಅದು ವಿದ್ಯುತ್ತಿನಲ್ಲಿ, ಧೂಳಿನಲ್ಲಿ, ತೇವದಲ್ಲಿ, ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ಇಲ್ಲವೇ ತಂತ್ರಾಂಶದಲ್ಲಿ ಇರುತ್ತದೆ.

ಈ ಗುಜರಿ ಹಾಕುವ ಆತುರಕ್ಕೆ ಇತ್ತೀಚೆಗೆ ಮತ್ತೊಂದು ಕಾರಣ ಸೇರಿಕೊಂಡಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದರ ಮುಂದಿನ ಪ್ರೊಸೆಸರೂ ಬೇಕು. ನಮ್ಮ ಹಳೆಯ ಯಂತ್ರಗಳಲ್ಲಿ ಇವೆರಡೂ ಇಲ್ಲ. ಆದರೆ ಬೆಂಬಲ ನಿಂತಿತು ಎಂದರೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ ಎಂದು ಅರ್ಥವೇ ಹೊರತು, ಯಂತ್ರದ ಬಿಡಿಭಾಗಗಳು ಅಂದಿನಿಂದ ಕೆಡಲಾರಂಭಿಸುತ್ತವೆ ಎಂದಲ್ಲ. ಪರದೆ ಕೈಕೊಟ್ಟಾಗ ‘ವಿಂಡೋಸ್ 10 ಮುಗಿಯಿತಲ್ಲ, ಅದಕ್ಕೇ ಹೀಗೆ’ ಎಂದು ಹೇಳುವುದು ಎರಡು ಬೇರೆ ಸಂಗತಿಗಳನ್ನು ಒಂದಾಗಿಸಿದಂತೆ.

ಹೊಸದನ್ನು ಕೊಂಡರಾಯಿತು ಎನ್ನುವವರು ಡಿಟಿಪಿ ಕೆಲಸದವರ ಕಷ್ಟವನ್ನು ಒಮ್ಮೆ ವಿಚಾರಿಸಬೇಕು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಇವುಗಳ ಎಷ್ಟೋ ವರ್ಷಗಳ ಕಡತಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಇವೆ. ಆ ತಂತ್ರಾಂಶ ಹೊಸ ಯಂತ್ರದಲ್ಲಿ ಸರಿಯಾಗಿ ಕೂರುವುದಿಲ್ಲ. ಕೂತರೂ ಒತ್ತಕ್ಷರಗಳು ಜಾಗ ಬಿಟ್ಟು ಹೋಗಿ, ಪುಟವೆಲ್ಲ ಮತ್ತೆ ತಿದ್ದಬೇಕಾಗುತ್ತದೆ. ಅಂಥವರಿಗೆ ಹಳೆಯ ಯಂತ್ರ ಕೆಟ್ಟರೆ ಒಂದು ವಸ್ತು ಹೋದಂತಲ್ಲ, ಗಿರಾಕಿಗಳ ಹಳೆಯ ಕೆಲಸದ ಸಂಗ್ರಹವೇ ಕೈತಪ್ಪಿದಂತೆ.

ಮೊದಲನೆಯದಾಗಿ, ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ’ ಎಂಬ ಮಾತನ್ನು ಕೇಳಿದ ಕೂಡಲೇ ಗ್ರಾಹಕರು ಆ ಕಾರ್ಡನ್ನು ತೋರಿಸಿ ಎಂದು ಕೇಳಬೇಕು. ಶಾಲೆ ಮತ್ತು ಕಚೇರಿಗಳಿಗೆ ಬಂದ ಬಹುಪಾಲು ಯಂತ್ರಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲ. ಕೋರ್ 2 ಡ್ಯುಯೋ ಪ್ರೊಸೆಸರ್ ಕಾಲದ ಜಿ31, ಜಿ41 ಬೋರ್ಡ್‌ಗಳಲ್ಲಿ ಚಿತ್ರ ಮೂಡಿಸುವ ಕೆಲಸವನ್ನು ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಮೇಲಿನ ಚಿಪ್‌ಸೆಟ್ ಮಾಡುತ್ತದೆ. 2010ರಿಂದೀಚೆಗೆ ಇಂಟೆಲ್ ಆ ಭಾಗವನ್ನು ಪ್ರೊಸೆಸರ್‌ನ ಜೊತೆಗೇ ಇಟ್ಟಿತು, 2011ರಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ತಲೆಮಾರಿನಲ್ಲಿ ಎರಡೂ ಒಂದೇ ಸಿಲಿಕಾನ್ ಚೂರಿನೊಳಗೆ ಸೇರಿದವು. ಈ ಎರಡೂ ಬಗೆಯಲ್ಲಿ ಚಿತ್ರಕ್ಕೆ ಬೇಕಾದ ಮೆಮೊರಿಯನ್ನು ಯಂತ್ರದ ಸಾಮಾನ್ಯ ರ‍್ಯಾಮ್‌ನಿಂದಲೇ ತೆಗೆದುಕೊಳ್ಳಲಾಗುತ್ತದೆ. ಆದುದರಿಂದ ರ‍್ಯಾಮ್ ಪಟ್ಟಿಯ ಒಂದು ಸಣ್ಣ ದೋಷವೂ ಪರದೆಯ ಮೇಲೆ ಬಣ್ಣದ ಚುಕ್ಕೆಯಾಗಿ, ಒಡೆದ ಚಿತ್ರವಾಗಿ ಕಾಣಿಸಬಹುದು. ಇದನ್ನು ತಿಳಿಯದೆ ಇಲ್ಲದ ಕಾರ್ಡಿನ ಮೇಲೆ ಆರೋಪ ಹೊರಿಸಿ ಇಡೀ ಯಂತ್ರವನ್ನು ಬದಲಾಯಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪರೀಕ್ಷೆಯ ಆರಂಭಕ್ಕೆ ಯಾವ ಉಪಕರಣವೂ ಬೇಡ. ಮಾನಿಟರ್‌ನ ಗುಂಡಿ ಒತ್ತಿ ಅದರದೇ ಮೆನು ಬರಿಸಿ ನೋಡಬೇಕು. ಪರದೆಯ ಮೇಲಿನ ಗೆರೆಗಳು ಆ ಮೆನುವಿನ ಮೇಲೂ ಹಾದುಹೋಗಿದ್ದರೆ, ಕೇಬಲ್ ಕಿತ್ತ ಮೇಲೆ ಬರುವ ‘ನೋ ಸಿಗ್ನಲ್’ ಬರಹದಲ್ಲೂ ಇದ್ದರೆ, ದೋಷ ಮಾನಿಟರ್‌ನದು. ಕ್ಯಾಬಿನೆಟ್ ಬಿಚ್ಚುವ ಅಗತ್ಯವೇ ಇಲ್ಲ. ಮೆನು ಶುಭ್ರವಾಗಿದ್ದು ಉಳಿದ ಚಿತ್ರ ಮಾತ್ರ ಕೆಟ್ಟಿದ್ದರೆ ಮುಂದಿನ ಹೆಜ್ಜೆಯಾಗಿ ಸ್ಕ್ರೀನ್‌ಶಾಟ್ ತೆಗೆದು, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಆ ಚಿತ್ರದಲ್ಲೂ ಗೆರೆ ಇದ್ದರೆ ಯಂತ್ರದೊಳಗೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ, ಅಂದರೆ ರ‍್ಯಾಮ್, ಚಿಪ್ ಅಥವಾ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಕಡೆ ನೋಡಬೇಕು. ಚಿತ್ರದಲ್ಲಿ ಗೆರೆ ಇಲ್ಲದಿದ್ದರೆ ದೋಷ ಬಹುಮಟ್ಟಿಗೆ ಅದರಾಚೆಗಿನ ಕನೆಕ್ಟರ್, ಕೇಬಲ್ ಅಥವಾ ಮಾನಿಟರ್‌ನಲ್ಲಿದೆ. ಹಳೆಯ ಯಂತ್ರಗಳಲ್ಲಿ ಇನ್ನೂ ಬಳಕೆಯಲ್ಲಿರುವ ವಿಜಿಎ ಕೇಬಲ್‌ನ ಕನೆಕ್ಟರಿಗೆ 15 ಪಿನ್‌ಗಳ ಜಾಗವಿದೆ. ಕೆಂಪು, ಹಸಿರು, ನೀಲಿ ಬಣ್ಣಗಳು ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ನೀಲಿಯ ಪಿನ್ ಬಾಗಿದರೆ ಬಿಳಿ ಪುಟ ಹಳದಿಯಾಗುತ್ತದೆ, ಹಸಿರಿನದು ಬಿಟ್ಟರೆ ನೇರಳೆ ಮಿಶ್ರಿತ ಗುಲಾಬಿಯಾಗುತ್ತದೆ, ಕೆಂಪಿನದು ಹೋದರೆ ಆಕಾಶನೀಲಿಯ ಛಾಯೆ ಬರುತ್ತದೆ. ಕೇಬಲ್ ತೆಗೆದು ಪಿನ್ ನೋಡಿದರೆ ಅಥವಾ ಇನ್ನೊಂದು ಕೇಬಲ್ ಹಾಕಿದರೆ ತೀರ್ಮಾನವಾಗುವ ವಿಷಯವಿದು.

ಇದಕ್ಕೂ ಮುಖ್ಯವಾದ ಪ್ರಶ್ನೆ, ದೋಷ ಯಾವಾಗ ಕಾಣಿಸುತ್ತದೆ ಎಂಬುದು. ಪವರ್ ಗುಂಡಿ ಒತ್ತಿದ ಕೂಡಲೇ ಬರುವ ತಯಾರಕರ ಲಾಂಛನ ಮತ್ತು ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಪರದೆಯಲ್ಲೇ ಕಸ ಕಸವಾದ ಚಿತ್ರ ಬಂದರೆ ವಿಂಡೋಸನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಆಗ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಬಯೋಸ್ ಚೆನ್ನಾಗಿ ಕಂಡು, ವಿಂಡೋಸ್ ಬಂದ ಮೇಲೆ ಮಾತ್ರ ಕೆಡುವುದಾದರೆ ಡ್ರೈವರ್ ಮೇಲೆ ಸಂಶಯ ಪಡಬೇಕು. ಎಲ್ಲವೂ ಸರಿಯಿದ್ದು ಅರ್ಧ ಗಂಟೆಯ ನಂತರ ಕೆಟ್ಟರೆ ಬಿಸಿಯ ಕಡೆಗೆ, ನೆರೆಯಲ್ಲಿ ಮೋಟಾರ್ ಚಾಲೂ ಆದ ಕ್ಷಣದಲ್ಲಿ ಯಂತ್ರ ಸತ್ತು ಎದ್ದರೆ ವಿದ್ಯುತ್ತಿನ ಕಡೆಗೆ ಗಮನ ಹರಿಸಬೇಕು. ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಸಲ ಕೈಕೊಟ್ಟಾಗ ಸಮಯ, ಆಗ ಮಾಡುತ್ತಿದ್ದ ಕೆಲಸ, ಹೊರಗೆ ಮಳೆ ಗುಡುಗು ಇತ್ತೇ, ಕರೆಂಟ್ ಹೋಗಿ ಬಂದಿತ್ತೇ ಎಂಬುದನ್ನು ಬರೆದಿಡುವಂತೆ ನಾನು ಎಲ್ಲರಿಗೂ ಹೇಳುತ್ತೇನೆ. ಆ ಪುಟವನ್ನು ಓದಿದರೆ ರಿಪೇರಿಯವರ ಅರ್ಧ ಕೆಲಸ ಮುಗಿದಿರುತ್ತದೆ.

ವಿದ್ಯುತ್ತಿನ ವಿಷಯ ನಮ್ಮ ಎರಡೂ ಜಿಲ್ಲೆಗಳಲ್ಲಿ ವಿಶೇಷವಾದದ್ದು. ಅರಸೀಕೆರೆ, ಕಡೂರು ಕಡೆ ಕೊಳವೆಬಾವಿಯ ಪಂಪುಗಳು ಒಟ್ಟಿಗೆ ಎದ್ದಾಗ, ಸಕಲೇಶಪುರ, ಮೂಡಿಗೆರೆ ಕಡೆ ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮೋಟಾರ್ ಓಡುವಾಗ ವೋಲ್ಟೇಜ್ ಕುಸಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೇಸಿಗೆಯ ಕೊನೆಯ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಏಕಾಏಕಿ ಏರುವ ಒತ್ತಡ ಇನ್ನೊಂದು ಕಾಟ. ಇವೆಲ್ಲವನ್ನೂ ತಡೆದುಕೊಳ್ಳಬೇಕಾದದ್ದು ಕ್ಯಾಬಿನೆಟ್ ಒಳಗಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಡಬ್ಬ. ಅದು 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಮುಖ್ಯವಾದ ಈ ಮೂರೂ ಮಾರ್ಗಗಳಲ್ಲಿ ಶೇಕಡಾ 5ರಷ್ಟು ಏರಿಳಿತವನ್ನು ಮಾತ್ರ ಮಾನದಂಡ ಒಪ್ಪುತ್ತದೆ. ಅಂದರೆ 12 ವೋಲ್ಟಿನ ಹಳದಿ ತಂತಿಯಲ್ಲಿ 11.4ಕ್ಕಿಂತ ಕೆಳಗೆ ಬರಬಾರದು. ಎಸ್‌ಎಂಪಿಎಸ್‌ಗೆ ವಯಸ್ಸಾದಂತೆ ಅದರೊಳಗೆ ವಿದ್ಯುತ್ತನ್ನು ಶೇಖರಿಸಿ ಏರಿಳಿತ ತಗ್ಗಿಸುವ ಕೆಪಾಸಿಟರ್‌ಗಳು ಒಣಗಿ, ಯಂತ್ರ ಸುಮ್ಮನಿದ್ದಾಗ ಸರಿಯಾಗಿ ಕೊಡುವ ವಿದ್ಯುತ್ತನ್ನು, ವಿಡಿಯೋ ಅಥವಾ ಆಟ ತೆರೆದು ಚಿಪ್ ಹೆಚ್ಚು ಕೇಳಿದ ಕ್ಷಣದಲ್ಲಿ ಕೊಡಲಾಗದೆ ಸೋಲುತ್ತವೆ. ಆಗ ಪರದೆ ಕಪ್ಪಾಗುತ್ತದೆ ಅಥವಾ ಯಂತ್ರ ರೀಸ್ಟಾರ್ಟ್ ಆಗುತ್ತದೆ. ನೋಡುವವರಿಗೆ ಅದು ಗ್ರಾಫಿಕ್ಸ್ ದೋಷವಾಗಿಯೇ ಕಾಣುತ್ತದೆ.

ಇದನ್ನು ಮಲ್ಟಿಮೀಟರ್‌ನಿಂದ ಯಂತ್ರ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು. ಖಾಲಿ ಇರುವಾಗ ಅಳೆದು ‘ಸರಿ ಇದೆ’ ಎನ್ನುವುದು ಪರೀಕ್ಷೆಯಲ್ಲ. ಮೀಟರ್‌ಗೆ ಸಿಗದಷ್ಟು ವೇಗದ ಏರಿಳಿತಗಳೂ ಇರುವುದರಿಂದ, ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಜೋಡಿಸಿ ಒಂದೆರಡು ದಿನ ಓಡಿಸಿ ನೋಡುವುದೇ ನಂಬಲರ್ಹವಾದ ಮಾರ್ಗ. ಮದರ್‌ಬೋರ್ಡ್‌ನ ಮೇಲೆ ಸಣ್ಣ ಡಬ್ಬಿಯಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಕಂದು ಬಣ್ಣದ ದ್ರವ ಒಸರಿದೆಯೇ ಎಂದೂ ಬರಿಗಣ್ಣಿನಿಂದಲೇ ನೋಡಬಹುದು. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಬೋರ್ಡ್‌ಗಳು ಕಳಪೆ ಕೆಪಾಸಿಟರ್‌ಗಳಿಂದಾಗಿಯೇ ಜಗತ್ತಿನಾದ್ಯಂತ ಅಕಾಲದಲ್ಲಿ ಕೆಟ್ಟವು. ಆದರೆ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದೆಂದು ಒತ್ತಿ ಹೇಳುತ್ತೇನೆ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಶೇಖರವಾಗಿರುತ್ತದೆ, ಪ್ಲಗ್ ಕಿತ್ತ ನಂತರವೂ ಸ್ವಲ್ಪ ಹೊತ್ತು ಅಲ್ಲೇ ಉಳಿದಿರುತ್ತದೆ.

ಅರ್ತಿಂಗ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಳೆಯ ಶಾಲಾ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅದರ ದೊಡ್ಡ ರಂಧ್ರಕ್ಕೆ ತಂತಿಯನ್ನೇ ಎಳೆದಿರುವುದಿಲ್ಲ. ಅಂಥ ಕಡೆ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ವಿಜಿಎ ಪರದೆಯ ಮೇಲೆ ಮಬ್ಬು ಪಟ್ಟೆಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಹರಿಯುವುದೂ ಉಂಟು. ಚಾಲೂ ಇರುವ ಯಂತ್ರಕ್ಕೆ ಎಚ್‌ಡಿಎಂಐ ಕೇಬಲ್ ಚುಚ್ಚಿದಾಗ ಪೋರ್ಟ್ ಸುಟ್ಟುಹೋಗುವ ಅಪಾಯವೂ ಇದರಿಂದ ಹೆಚ್ಚುತ್ತದೆ. ಇದು ಕಂಪ್ಯೂಟರ್ ರಿಪೇರಿಯವರ ಕೆಲಸವಲ್ಲ, ವಯರಿಂಗ್‌ನವರ ಕೆಲಸ. ಮಕ್ಕಳು ಕೂರುವ ಕೊಠಡಿಯಾದ್ದರಿಂದ ಯಂತ್ರಕ್ಕಿಂತ ಮೊದಲು ಆಗಬೇಕಾದ ಕೆಲಸ. ಹಾಗೆಯೇ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಒಂದು ಕ್ಷಣ ಮಿಣುಕಿದರೂ ಯಂತ್ರ ರೀಸ್ಟಾರ್ಟ್ ಆಗುತ್ತದೆ, ಅದನ್ನು ‘ಕ್ರ್ಯಾಶ್’ ಎಂದು ತಿಳಿದು ವಿಂಡೋಸ್ ಮತ್ತೆ ಮತ್ತೆ ಹಾಕಿಸಿಕೊಂಡವರನ್ನು ನಾನು ಕಂಡಿದ್ದೇನೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಕಂಡೊಡನೆ ಅದನ್ನೇ ಕಾರಣವೆಂದು ಹಿಡಿಯುವವರೂ ಇದ್ದಾರೆ. ಯಂತ್ರ ಕ್ರಮಬದ್ಧವಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದನ್ನಷ್ಟೇ ಆ ಸಾಲು ತಿಳಿಸುತ್ತದೆ, ಏಕೆ ನಿಂತಿತು ಎಂಬುದನ್ನು ತಿಳಿಸುವುದಿಲ್ಲ.

ಇನ್ನು ಹವೆಯ ವಿಷಯ. ನಮ್ಮ ಜಿಲ್ಲೆಗಳ ಒಂದು ಬದಿ ಬಯಲುಸೀಮೆ, ಇನ್ನೊಂದು ಬದಿ ಮಲೆನಾಡು. ಕಡೂರು, ಅರಸೀಕೆರೆಯ ಯಂತ್ರಗಳನ್ನು ಧೂಳು ಕೆಡಿಸಿದರೆ, ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವನ್ನು ತೇವ ಕೆಡಿಸುತ್ತದೆ. ಆದುದರಿಂದ ಒಂದೇ ಲಕ್ಷಣಕ್ಕೆ ಎರಡೂ ಕಡೆ ಒಂದೇ ಮದ್ದು ಸಲ್ಲದು. ಧೂಳಿನ ಸೀಮೆಯಲ್ಲಿ ಪ್ರೊಸೆಸರ್ ಮೇಲಿನ, ಬಿಸಿ ಹೀರುವ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಹೆಪ್ಪುಗಟ್ಟಿ ಕಂಬಳಿಯಂತೆ ಕೂರುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ಇಂಟೆಲ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಿತಿ ತಲುಪಿದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಅದರಿಂದಲೂ ಬಿಸಿ ಇಳಿಯದಿದ್ದರೆ ಯಂತ್ರವನ್ನು ಆಫ್ ಮಾಡುತ್ತವೆ. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗಿ ಸೀಮೆಸುಣ್ಣದ ಪುಡಿಯ ಹಾಗಾಗಿರುತ್ತದೆ. ಹಳೆಯದನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ, ಬ್ಲೋವರ್‌ನಿಂದ ಧೂಳು ತೆಗೆದರೆ ಎಷ್ಟೋ ಯಂತ್ರಗಳು ಮತ್ತೆ ಸ್ಥಿರವಾಗಿ ನಡೆಯುತ್ತವೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಅದು ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಬಾರದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಅದರ ಪುಟ್ಟ ಫ್ಯಾನ್ ನಿಂತುಹೋಗಿರುವುದನ್ನು ಯಾರೂ ಗಮನಿಸಿರುವುದಿಲ್ಲ, ಏಕೆಂದರೆ ಸಾಮಾನ್ಯವಾಗಿ ಅದು ಕೆಳಮುಖವಾಗಿರುತ್ತದೆ.

ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ತೊಂದರೆ ಬೇರೆ ರೀತಿಯದು. ರ‍್ಯಾಮ್ ಮತ್ತು ಕಾರ್ಡುಗಳ ಅಂಚಿನ ಹೊಂಬಣ್ಣದ ಸಂಪರ್ಕಪಟ್ಟಿಗಳ ಮೇಲೆ, ವಿಜಿಎ ಪಿನ್‌ಗಳ ಮೇಲೆ ಮಂಕು ಪೊರೆ ಕಟ್ಟುತ್ತದೆ. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಶಾಲಾ ಕೊಠಡಿಯನ್ನು ಮಳೆ ಹಿಡಿದ ಮೇಲೆ ತೆರೆದಾಗ, ಒಂದೇ ಸಲಕ್ಕೆ ಹಲವು ಯಂತ್ರಗಳು ಪರದೆ ತೋರಿಸದೆ ಬೀಪ್ ಬೀಪ್ ಎನ್ನುವುದಕ್ಕೆ ಇದೇ ಕಾರಣ. ಪವರ್ ಕೇಬಲ್ ಪೂರ್ತಿ ಕಿತ್ತು, ರ‍್ಯಾಮ್ ತೆಗೆದು, ಆ ಸಂಪರ್ಕಪಟ್ಟಿಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಅವುಗಳಲ್ಲಿ ಹೆಚ್ಚಿನವು ಏಳುತ್ತವೆ. ರಿಪೇರಿಯವರಿಗೆಲ್ಲ ಗೊತ್ತಿರುವ ಈ ಕೆಲಸವನ್ನು ಶಾಲೆಯ ಶಿಕ್ಷಕರಿಗೂ ಕಲಿಸಿಕೊಟ್ಟರೆ ಏನು ನಷ್ಟ? ಮಳೆಗಾಲದಲ್ಲಿ ಬಳಕೆ ಇಲ್ಲದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಯಂತ್ರ ಓಡಿಸುವುದು ಒಳ್ಳೆಯದು. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಬೆಚ್ಚನೆಯ ಜಾಗ ಹುಡುಕಿಕೊಂಡು ಬರುವ ಇರುವೆ, ಹಲ್ಲಿಗಳು ಸೇರದಂತೆ ಕ್ಯಾಬಿನೆಟ್‌ನ ಹಿಂದಿನ ಖಾಲಿ ಕಂಡಿಗಳನ್ನು ಮುಚ್ಚಬೇಕು, ಗಾಳಿಯ ದಾರಿಯನ್ನು ಮಾತ್ರ ಬಿಡಬೇಕು.

ರ‍್ಯಾಮ್ ಶುದ್ಧ ಮಾಡಿದ ಮೇಲೂ ಚಿತ್ರ ಒಡೆಯುತ್ತಿದ್ದರೆ ಅದನ್ನು ಪರೀಕ್ಷೆಗೆ ಒಡ್ಡಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲೂ ಹಾಕಿ ನೋಡಬೇಕು. ಕೆಟ್ಟದ್ದು ಪಟ್ಟಿಯೋ ಸ್ಲಾಟೋ ಎಂಬುದು ಹಾಗೆ ಮಾತ್ರ ತಿಳಿಯುತ್ತದೆ. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಯಂತ್ರ ಎಬ್ಬಿಸಿ ರಾತ್ರಿಯಿಡೀ ಓಡಲು ಬಿಟ್ಟರೆ ಬೆಳಿಗ್ಗೆ ಉತ್ತರ ಸಿದ್ಧವಿರುತ್ತದೆ. ಅದು ಒಂದೇ ಒಂದು ತಪ್ಪನ್ನು ತೋರಿಸಿದರೂ ಆ ಪಟ್ಟಿಯನ್ನು ನಂಬಬಾರದು. ಹಳೆಯ ಡಿಡಿಆರ್3 ಪಟ್ಟಿಗಳು ಬಳಸಿದವುಗಳ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಸಂಘವೊಂದರ ಲೆಕ್ಕಪತ್ರದ ಯಂತ್ರವನ್ನು ಅಷ್ಟು ಖರ್ಚಿನಲ್ಲಿ ಉಳಿಸಿಕೊಳ್ಳಬಹುದಾದರೆ ಅದನ್ನು ಬಿಟ್ಟು ಹೊಸ ಯಂತ್ರದ ಕೊಟೇಶನ್ ತರಿಸುವುದು ಸರಿಯಲ್ಲ.

ತಂತ್ರಾಂಶದ ವಿಷಯಕ್ಕೆ ಬಂದರೆ, ವಿಂಡೋಸ್ ವಿಸ್ಟಾದಿಂದೀಚೆಗೆ ಒಂದು ಕಾವಲು ವ್ಯವಸ್ಥೆ ಇದೆ. ಗ್ರಾಫಿಕ್ಸ್ ಚಿಪ್ ಕೊಟ್ಟ ಕೆಲಸಕ್ಕೆ 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದರ ಡ್ರೈವರನ್ನು ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ಪರದೆ ಕ್ಷಣಕಾಲ ಕಪ್ಪಾಗಿ, ಡಿಸ್‌ಪ್ಲೇ ಡ್ರೈವರ್ ಉತ್ತರಿಸುವುದನ್ನು ನಿಲ್ಲಿಸಿ ಈಗ ಚೇತರಿಸಿಕೊಂಡಿದೆ ಎಂಬರ್ಥದ ಸಂದೇಶ ಬರುವುದು ಇದರಿಂದ; ಹಾಗೆ ಎಬ್ಬಿಸುವುದು ಸಾಧ್ಯವಾಗದಿದ್ದಾಗ ನೀಲಿ ಪರದೆ ಬರುತ್ತದೆ. ಇದಕ್ಕೆ ಬಿಸಿ, ವಿದ್ಯುತ್, ರ‍್ಯಾಮ್ ಯಾವುದೂ ಕಾರಣವಾಗಿರಬಹುದು, ಯಂತ್ರಕ್ಕೆ ಹೊಂದದ ಡ್ರೈವರೂ ಆಗಿರಬಹುದು. ಶಿಫ್ಟ್ ಕೀಲಿ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟು ಸೇಫ್ ಮೋಡ್‌ಗೆ ಹೋದರೆ ವಿಂಡೋಸ್ ತಯಾರಕರ ಡ್ರೈವರನ್ನು ಬಿಟ್ಟು ತನ್ನ ಮೂಲ ಡ್ರೈವರಿನಿಂದಲೇ ಚಿತ್ರ ಮೂಡಿಸುತ್ತದೆ. ಅಲ್ಲಿ ಗಂಟೆಗಟ್ಟಲೆ ತೊಂದರೆ ಬಾರದಿದ್ದರೆ ಡ್ರೈವರ್ ಮೇಲಿನ ಸಂಶಯ ಬಲವಾಗುತ್ತದೆ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ತೆರೆದರೆ ಯಾವ ದಿನದಿಂದ ಕ್ರ್ಯಾಶ್ ಶುರುವಾಯಿತು, ಅಂದು ಏನನ್ನು ಇನ್‌ಸ್ಟಾಲ್ ಮಾಡಲಾಗಿತ್ತು ಎಂಬುದು ದಿನಾಂಕ ಸಮೇತ ಕಾಣುತ್ತದೆ. ತಾನಾಗಿಯೇ ಬಂದ ಅಪ್‌ಡೇಟ್ ಹಳೆಯ ಡ್ರೈವರಿನ ಜಾಗದಲ್ಲಿ ಬೇರೊಂದನ್ನು ತಂದಿಟ್ಟಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್‌ಬ್ಯಾಕ್ ಮಾಡಿ ಹಳೆಯದನ್ನು ಮರಳಿ ತರಬಹುದು. ಹಳೆಯ ಕಾರ್ಡುಗಳಿಗೆ ಹೊಸ ಡ್ರೈವರ್ ಬರುವುದು ಎಂದೋ ನಿಂತಿರುವುದರಿಂದ, ತಯಾರಕರ ತಾಣದಲ್ಲಿ ಆ ಮಾದರಿಗೆ ಕೊನೆಯದಾಗಿ ಕೊಟ್ಟ ಡ್ರೈವರನ್ನೇ ಹುಡುಕಿ ಹಾಕಬೇಕು. ಎಲ್ಲ ಡ್ರೈವರ್ ಒಂದೇ ಕಡೆ ಎಂದು ಹೇಳಿಕೊಳ್ಳುವ ಗುರುತಿಲ್ಲದ ತಾಣಗಳಿಂದ ತಂದು ಹಾಕುವ ಅಭ್ಯಾಸ ನಮ್ಮಲ್ಲಿ ಹೆಚ್ಚಾಗಿದೆ, ಅದನ್ನು ಬಿಡಬೇಕು. ಅವುಗಳ ಜೊತೆ ವೈರಸ್‌ಗಳೂ ಬರುತ್ತವೆ. ಬ್ರೌಸರ್‌ನಲ್ಲಿ ವಿಡಿಯೋ ನೋಡುವಾಗ ಮಾತ್ರ ತೊಂದರೆ ಎಂದಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ (ವಿಡಿಯೋ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೌಲಭ್ಯ) ಎಂಬುದನ್ನು ಆಫ್ ಮಾಡಿದರೆ ಸಾಕಾಗುವುದುಂಟು.

ತಂತ್ರಾಂಶವೋ ಯಂತ್ರಾಂಶವೋ ಎಂಬ ಅನುಮಾನ ಉಳಿದರೆ ವಿಂಡೋಸ್‌ನ ಬದಲು ಬಳಸಬಹುದಾದ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಇರುವ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸುವುದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಇಡೀ ವ್ಯವಸ್ಥೆ ಬೇರೆ ಡ್ರೈವರ್‌ಗಳ ಜೊತೆ ಓಡುತ್ತದೆ. ಅಲ್ಲೂ ಅದೇ ಗೆರೆ, ಅದೇ ಚೌಕಗಳು ಬಂದರೆ ವಿಂಡೋಸ್ ನಿರಪರಾಧಿ. ಅಲ್ಲಿ ಚೆನ್ನಾಗಿ ನಡೆದರೆ ಆ ಯಂತ್ರಕ್ಕೆ ಹಗುರವಾದ ಲಿನಕ್ಸನ್ನೇ ಹಾಕಿ ಶಾಲೆಯ ಬಳಕೆಗೆ ಉಳಿಸಿಕೊಳ್ಳಬಹುದು. ಭದ್ರತಾ ತಿದ್ದುಪಡಿಯ ಚಿಂತೆಯೂ ಅದರಿಂದ ಕಳೆಯುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶದಲ್ಲೇ ಮಕ್ಕಳಿಗೆ ಕಲಿಸುತ್ತಿವೆ.

ಹಾರ್ಡ್ ಡಿಸ್ಕ್ ಸೋತಾಗ ಪರದೆ ಹೆಪ್ಪುಗಟ್ಟಿ ನಿಲ್ಲುವುದನ್ನೂ ಗ್ರಾಫಿಕ್ಸ್ ದೋಷವೆನ್ನುವವರಿದ್ದಾರೆ, ಆದ್ದರಿಂದ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯನ್ನೂ ನೋಡಬೇಕು. ಮದರ್‌ಬೋರ್ಡ್‌ನ 3 ವೋಲ್ಟಿನ ಸಿಆರ್2032 ಸೆಲ್ ಸತ್ತರೆ ಬಯೋಸ್ ಸೆಟ್ಟಿಂಗ್‌ಗಳೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದಾಗಿನಂತಾಗುತ್ತವೆ. ಪ್ರತ್ಯೇಕ ಕಾರ್ಡ್ ಇದ್ದರೂ ಕೇಬಲನ್ನು ಬೋರ್ಡಿನ ಪೋರ್ಟಿಗೆ ಚುಚ್ಚಿ ‘ಡಿಸ್‌ಪ್ಲೇ ಇಲ್ಲ’ ಎಂದು ಯಂತ್ರವನ್ನು ಹೊತ್ತು ತರುವವರೂ ಉಂಟು. ಇವು ಹೆಚ್ಚು ವಿವರಿಸಬೇಕಾದವಲ್ಲ.

ಎಲ್ಲ ಪರೀಕ್ಷೆ ಮುಗಿದ ಮೇಲೂ ದೋಷ ಚಿಪ್‌ನಲ್ಲೇ ಇದೆ ಎಂದು ಖಚಿತವಾಗುವ ಪ್ರಸಂಗಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಗ ಕೆಲವು ಕಡೆ ಹಾಟ್ ಏರ್ ಗನ್‌ನಿಂದ ಚಿಪ್ಪನ್ನು ಕಾಯಿಸಿ ಕೊಡುತ್ತಾರೆ, ಯಂತ್ರ ಚಾಲೂ ಆಗುತ್ತದೆ, ಹಣವನ್ನೂ ಪಡೆಯುತ್ತಾರೆ. ಚಿಪ್ಪಿನ ಒಳಗಿನ ಸೂಕ್ಷ್ಮ ಬೆಸುಗೆಗಳಲ್ಲಿ ಬಿರುಕು ಬಿಟ್ಟಿದ್ದರೆ ಕಾಯಿಸಿದಾಗ ಅವು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತವೆ, ಬಿಸಿಯಾಗಿ ತಂಪಾಗುವುದು ಮರುಕಳಿಸಿದಂತೆ ಮತ್ತೆ ಬಿಡುತ್ತವೆ. ಇದು ದುರಸ್ತಿಯಲ್ಲ, ಕಡತಗಳನ್ನು ನಕಲು ಮಾಡಿಕೊಳ್ಳಲು ಸಿಗುವ ಕಾಲಾವಕಾಶ ಮಾತ್ರ. ಕೆಲಸ ಮಾಡುವವರು ಹಣ ಪಡೆಯುವ ಮೊದಲೇ ಗ್ರಾಹಕರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು. ಬೋರ್ಡಿನ ಗ್ರಾಫಿಕ್ಸ್ ಕೆಟ್ಟು ಉಳಿದದ್ದು ಸರಿಯಿದ್ದರೆ, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುವ ಯಂತ್ರಕ್ಕೆ, ಬೇರೆ ಪವರ್ ಕೇಬಲ್ ಬೇಡದ ಒಂದು ಸಣ್ಣ ಕಾರ್ಡನ್ನು ಹಾಕಿ ನೋಡಬಹುದು. ಅದೂ ಆಗದಿದ್ದಾಗ, ಅಥವಾ ಬೋರ್ಡಿನ ತುಂಬ ಕೆಪಾಸಿಟರ್ ಉಬ್ಬಿದ್ದಾಗ, ಯಂತ್ರವನ್ನು ಬೀಳ್ಕೊಡುವುದೇ ಸರಿ. ಡಿಸ್ಕನ್ನು ಅಳಿಸಿ ಅಥವಾ ತೆಗೆದಿಟ್ಟುಕೊಂಡು, ಉಳಿದದ್ದನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು, ಬಯಲಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗಲ್ಲ.

ನನ್ನ ಕೋರಿಕೆಗಳು ದೊಡ್ಡವಲ್ಲ. ಹಾಸನ ಮತ್ತು ಚಿಕ್ಕಮಗಳೂರಿನ ರಿಪೇರಿ ಅಂಗಡಿಯವರು ಯಂತ್ರ ಹಿಂದಿರುಗಿಸುವಾಗ ಯಾವ ಯಾವ ಪರೀಕ್ಷೆ ಮಾಡಿದೆವು, ಏನು ಕಂಡಿತು ಎಂಬುದನ್ನು ಬಿಲ್ಲಿನ ಮೇಲೆ ನಾಲ್ಕು ಸಾಲು ಬರೆದುಕೊಡಲಿ, ತೆಗೆದ ಬಿಡಿಭಾಗವನ್ನೂ ಗ್ರಾಹಕರ ಕೈಗೆ ಕೊಡಲಿ. ಕಷ್ಟಪಟ್ಟು, ಕಡಿಮೆ ಹಣಕ್ಕೆ, ಪ್ರಾಮಾಣಿಕವಾಗಿ ಕೆಲಸ ಮಾಡುವ ರಿಪೇರಿಯವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಬರೆದುಕೊಡುವ ಪದ್ಧತಿ ಬಂದರೆ ಅವರ ಕೆಲಸಕ್ಕೆ ಬೆಲೆ ಹೆಚ್ಚುತ್ತದೆ. ಶಾಲೆಗಳೂ ಸಂಘಗಳೂ ಅಂಥ ಬರಹವಿಲ್ಲದೆ ಯಾವ ಯಂತ್ರವನ್ನೂ ‘ನಿರುಪಯುಕ್ತ’ ಎಂದು ದಾಸ್ತಾನು ಪುಸ್ತಕದಿಂದ ತೆಗೆಯದಿರಲಿ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ, ಎರಡೂ ಜಿಲ್ಲೆಗಳ ಪಾಲಿಟೆಕ್ನಿಕ್ ಮತ್ತು ಐಟಿಐಗಳ ವಿದ್ಯಾರ್ಥಿಗಳು ಬೇಸಿಗೆ ರಜೆಯ ಕೊನೆಯ ವಾರ ತಾಲ್ಲೂಕಿಗೊಂದು ಶಾಲೆಯಲ್ಲಿ ಕುಳಿತು ಸುತ್ತಲಿನ ಶಾಲೆಗಳ ಯಂತ್ರಗಳನ್ನು ಪರೀಕ್ಷಿಸಿಕೊಡುವಂತೆ ಅವರ ಅಧ್ಯಾಪಕರು ಏರ್ಪಾಡು ಮಾಡಬಹುದು. ಅವರಿಗೆ ಬೇಕಾಗುವುದು ಒಂದು ಮಲ್ಟಿಮೀಟರ್, ಸರಿಯಿರುವ ಒಂದು ಎಸ್‌ಎಂಪಿಎಸ್, ಒಂದೆರಡು ರ‍್ಯಾಮ್ ಪಟ್ಟಿ, ಕೇಬಲ್, ಥರ್ಮಲ್ ಪೇಸ್ಟ್ ಮತ್ತು ಎರಡು ಪೆನ್‌ಡ್ರೈವ್. ಅಂಥ ಶಿಬಿರ ಸಕಲೇಶಪುರ ಅಥವಾ ಆಲೂರು ತಾಲ್ಲೂಕಿನಲ್ಲಿ ನಡೆಯುವುದಾದರೆ ನನ್ನಲ್ಲಿರುವ ಸಾಮಗ್ರಿಯೊಂದಿಗೆ ಬಂದು ವಿದ್ಯಾರ್ಥಿಗಳ ಜೊತೆ ಕೂರಲು ನಾನು ಸಿದ್ಧನಿದ್ದೇನೆ. ಆಸಕ್ತರು ತಮ್ಮ ಪತ್ರಿಕೆಯ ಕಚೇರಿಯ ಮೂಲಕ ನನ್ನನ್ನು ಸಂಪರ್ಕಿಸಲು ತಾವು ಅವಕಾಶ ಮಾಡಿಕೊಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಹಾಸನ